ಬೆಳಗಿನ ಐದೂವರೆಗೆ ರಾಡ್ ಯಾಕೆ ಭಾರ?

ಹೋದ ವರ್ಷದ ನನ್ನ ಜಿಮ್ ನೋಟ್‌ಬುಕ್ ತೆಗೆದರೆ ಹೀಗಿದೆ. ಶನಿವಾರ ಸಂಜೆ ಆರಕ್ಕೆ ಡೆಡ್‌ಲಿಫ್ಟ್, ಅಂದರೆ ಬಗ್ಗಿ ನೆಲದಿಂದ ರಾಡ್ ಎತ್ತುವುದು, 80 ಕೆಜಿ, ಐದು ರೆಪ್ (ಐದು ಸಲ). ಮಂಗಳವಾರ ಬೆಳಿಗ್ಗೆ ಐದೂವರೆಗೆ ಅದೇ 80 ಕೆಜಿ, ಮೂರೇ ರೆಪ್. ವಯಸ್ಸು 44 ಆಯ್ತಲ್ಲ, ಇನ್ನು ಇಷ್ಟೇ ಅಂದುಕೊಂಡಿದ್ದೆ. ಆದರೆ ಶನಿವಾರ ಸಂಜೆ ಮತ್ತೆ ಐದು ಬಂತು!

ನಮ್ಮ ಮೈ ಬಿಸಿ ದಿನವಿಡೀ ಒಂದೇ ಥರ ಇರುವುದಿಲ್ಲ. ನಸುಕಿನ ನಾಲ್ಕೈದು ಗಂಟೆಗೆ ತೀರಾ ಕಡಿಮೆ, ಇಳಿಹೊತ್ತಿನಿಂದ ಸಂಜೆಯವರೆಗೆ ಜಾಸ್ತಿ. ವ್ಯತ್ಯಾಸ ಅರ್ಧದಿಂದ ಒಂದು ಡಿಗ್ರಿ ಸೆಲ್ಸಿಯಸ್ ಅಷ್ಟೇ. ಆದರೆ ಬಿಸಿಯಾದ ಸ್ನಾಯು ಬೇಗ ಬಿಗಿಯುತ್ತದೆ, ನರದ ಸಂದೇಶವೂ ಬೇಗ ಓಡುತ್ತದೆ. ಅದಕ್ಕೇ ಸಾಮಾನ್ಯವಾಗಿ ಸಂಜೆ ಬಲ ಒಂದು ಕೈ ಮೇಲು.

ಹಾಗಂತ ಬೆಳಗಿನ ಜಿಮ್ ಬಿಡಬೇಡಿ. ತಿಂಗಳುಗಟ್ಟಲೆ ಲೆಕ್ಕ ಹಾಕಿದರೆ ಸ್ನಾಯು ಬೆಳೆಯುವುದರಲ್ಲಿ ಬೆಳಿಗ್ಗೆ, ಸಂಜೆ ಅಂತ ದೊಡ್ಡ ಭೇದ ಕಾಣುವುದಿಲ್ಲ. ದಿನಾ ಅದೇ ಹೊತ್ತಿಗೆ ಹೋದರೆ ಮೈಯೂ ಆ ಹೊತ್ತಿಗೆ ಒಗ್ಗಿಕೊಳ್ಳುತ್ತದೆ. ಬೆಳಗಿನವರಿಗೆ ಬೇಕಾದ್ದು ವಾರ್ಮಪ್. ನಾನು ಮೊದಲು ಹಣೆಯಲ್ಲಿ ಬೆವರು ಮೂಡುವ ತನಕ ಸ್ಕಿಪ್ಪಿಂಗ್ ಮಾಡುತ್ತೇನೆ. ಆಮೇಲೆ ಬರೀ ರಾಡ್, ಅಂದರೆ 20 ಕೆಜಿ, ಹತ್ತು ಸಲ. 40 ಕೆಜಿ ಐದು, 60 ಕೆಜಿ ಮೂರು. ಆಮೇಲೇ 80. ಇಷ್ಟಕ್ಕೆ ಹದಿನೈದು ನಿಮಿಷ ಬೇಕು. ಸಂಜೆಯಾದರೆ ಏಳೆಂಟು ನಿಮಿಷ ಸಾಕು.

ನಮ್ಮ ತಾತ ಮೈಸೂರಿನ ಗರಡಿಯಲ್ಲಿ ನಸುಕಿಗೇ ಸಾಮು ಮಾಡುತ್ತಿದ್ದರು. ಮೊದಲ ಕೆಲಸ ಗುದ್ದಲಿ ಹಿಡಿದು ಮಟ್ಟಿ, ಅಂದರೆ ಕುಸ್ತಿ ಆಡುವ ಮಣ್ಣು, ಅಗೆಯುವುದು. ಅದು ಬರೀ ಮಣ್ಣು ಸಡಿಲ ಮಾಡಲಿಕ್ಕೆ ಅಂತ ಚಿಕ್ಕವನಿದ್ದಾಗ ನಂಬಿದ್ದೆ. ವಾರ್ಮಪ್ಪೂ ಅದೇ ಆಗಿತ್ತು, ಅಲ್ವಾ?

ಸೊಂಟದ ವಿಷಯ ಮಾತ್ರ ಸುಮ್ನೆ ಬಿಡುವಂಥದ್ದಲ್ಲ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಇದು ಗೊತ್ತಿಲ್ಲದೆ ಒಂದು ದಿನ ಐದಕ್ಕೆ ಎದ್ದು ಐದೂ ಇಪ್ಪತ್ತಕ್ಕೆ ರಾಡ್ ಎಳೆದೆ. ಸೊಂಟ ಹಿಡಿದುಕೊಂಡಿತು. ನಾಲ್ಕು ದಿನ ಶೂ ಲೇಸ್ ಕಟ್ಟಲು ಬಗ್ಗಲಾಗಲಿಲ್ಲ. ಹೆಂಡತಿ ಕಟ್ಟಿಕೊಟ್ಟಳು, ಬೈದುಕೊಂಡೇ. ಈಗ ಡೆಡ್‌ಲಿಫ್ಟ್ ಇರುವ ದಿನ ನಾಲ್ಕೂಮುಕ್ಕಾಲಿಗೆ ಎದ್ದು, ಮನೆಯೊಳಗೆ ಓಡಾಡಿ, ಆರರ ನಂತರವೇ ರಾಡ್ ಮುಟ್ಟುತ್ತೇನೆ. ಅಷ್ಟು ಬೇಗ ಏಳಲಾಗದವರು ಬೆಳಿಗ್ಗೆ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ರಾಡ್ ಎತ್ತುವುದು) ಇಟ್ಟುಕೊಂಡು ಡೆಡ್‌ಲಿಫ್ಟನ್ನು ಸಂಜೆಗೆ ಹಾಕಿಕೊಳ್ಳಿ.

ಹೊರಡುವ ಅರ್ಧ ಗಂಟೆ ಮುಂಚೆ ಒಂದು ಲೋಟ ಫಿಲ್ಟರ್ ಕಾಫಿ, ಒಂದು ಬಾಳೆಹಣ್ಣು. ಕೆಫೀನ್ ಬೆಳಗಿನ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಬಿಪಿ ಇದ್ದವರು ಡಾಕ್ಟರನ್ನು ಕೇಳಿ.

ನೋಟ್‌ಬುಕ್ಕಿನಲ್ಲಿ ತೂಕದ ಪಕ್ಕ ಹೊತ್ತನ್ನೂ ಬರೆಯಿರಿ. ಬೆಳಗಿನ ಲೆಕ್ಕವನ್ನು ಬೆಳಗಿನದರ ಜೊತೆಗೇ ನೋಡಿ. ಸ್ಪರ್ಧೆ ಬೆಳಿಗ್ಗೆ ಇದ್ದರೆ ಕೆಲವು ವಾರ ಮೊದಲಿನಿಂದಲೇ ಬೆಳಿಗ್ಗೆ ಅಭ್ಯಾಸ ಮಾಡಿ.

ಸಂಜೆಯವರಿಗೂ ಒಂದು ಮಾತು. ರಾತ್ರಿ ಒಂಬತ್ತೂವರೆಗೆ ಭಾರದ ಸೆಟ್ ಮುಗಿಸಿ ಹತ್ತೂವರೆಗೆ ದಿಂಬಿಗೆ ತಲೆ ಕೊಟ್ಟರೆ ನನಗಂತೂ ನಿದ್ದೆ ಹತ್ತುವುದಿಲ್ಲ. ಎಂಟಕ್ಕೆ ಮುಗಿಸುತ್ತೇನೆ. ಸಂಜೆ ಕಾಫಿ ಮುಟ್ಟುವುದಿಲ್ಲ.