ಆಗಸ್ಟ್ 15ರ ಕ್ವಿಜ್ ಮಾಡ್ತೀರಾ? ಹೊಳೆ ದಾಟಿದರೆ ಉತ್ತರ ಬದಲಾಗುತ್ತದೆ, ನೋಡಿಕೊಳ್ಳಿ

ಆಗಸ್ಟ್ ಬಂತೆಂದರೆ ಸಿಂಧನೂರಿನ ನಮ್ಮ ಓಣಿ ಹುಡುಗರು ಮನೆ ಬಾಗಿಲಿಗೆ ಬರುತ್ತಾರೆ. "ಅಣ್ಣಾ, ಈ ಸಲನೂ ಕ್ವಿಜ್ ನೀವೇ ಮಾಡಬೇಕು." ಮೊಬೈಲಿನಲ್ಲಿ ಹುಡುಕಿದರೆ ನೂರು ಪ್ರಶ್ನೆ ಸಿಗುತ್ತವೆ, ನಾನ್ಯಾಕೆ ಬೇಕು ಅಂದರೆ, ಅವನ್ನು ಹೋದ ವರ್ಷ ಪಕ್ಕದ ಓಣಿಯವರು ಕೇಳಿಬಿಟ್ಟಿದ್ದಾರಂತೆ. ನಿಜ ಹೇಳಬೇಕೆಂದರೆ ಆ ನೂರು ಪ್ರಶ್ನೆಗಳಲ್ಲಿ ತೊಂಬತ್ತು ಕೇಳುವುದೇ ಬೇಡ. ರಾಷ್ಟ್ರಗೀತೆ ಬರೆದವರು ಯಾರು ಅಂತ ಮೈಕ್‌ನಲ್ಲಿ ಅರ್ಧ ಹೇಳುವಷ್ಟರಲ್ಲಿ ಐದನೇ ಕ್ಲಾಸಿನ ಹುಡುಗಿ ಉತ್ತರ ಕೂಗಿರುತ್ತಾಳೆ.

ಹಾಗಾಗಿ ಮೊದಲ ಕೆಲಸ: ಪಟ್ಟಿ ಬದಿಗಿಟ್ಟು ನಿಮ್ಮೂರಿನಿಂದ ಶುರು ಮಾಡಿ. ನಮ್ಮ ಕಡೆಯಂತೂ ಇದಕ್ಕೆ ಬಹಳ ಅನುಕೂಲ. ನಾನು ಪ್ರತಿ ವರ್ಷ ಕೇಳುವ ಒಂದು ಪ್ರಶ್ನೆ ನೋಡಿ. "1947ರ ಆಗಸ್ಟ್ 15ರಂದು ನೀವು ಸಿರುಗುಪ್ಪದಿಂದ ಹೊರಟು, ತುಂಗಭದ್ರೆ ದಾಟಿ ಸಿಂಧನೂರಿಗೆ ಬರುತ್ತೀರಿ. ಯಾರ ಸರ್ಕಾರದಿಂದ ಯಾರ ಸರ್ಕಾರಕ್ಕೆ ಬಂದಿರಿ?" ದಢೇಸೂಗೂರು ಸೇತುವೆ ಮೇಲೆ ದಿನಾ ಓಡಾಡುವವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಬಳ್ಳಾರಿ ಕಡೆ ಆಗ ಮದ್ರಾಸ್ ಪ್ರಾಂತ್ಯ, ಅಂದರೆ ಅವತ್ತೇ ಸ್ವತಂತ್ರ ಭಾರತ. ಹೊಳೆಯ ಈ ಕಡೆ ರಾಯಚೂರು ಜಿಲ್ಲೆ, ಆಗ ಕೊಪ್ಪಳವೂ ಅದರೊಳಗೇ ಇತ್ತು, ಎಲ್ಲಾ ಹೈದರಾಬಾದ್ ನಿಜಾಮರದು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಿರಲೇ ಇಲ್ಲ. 1948ರ ಸೆಪ್ಟೆಂಬರ್ 13ಕ್ಕೆ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮ ಸೋಲೊಪ್ಪಿದ. ಸರ್ಕಾರಿ ಹೆಸರು ಆಪರೇಷನ್ ಪೋಲೋ, ಆದರೆ ನಮ್ಮ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಪೋಲೀಸ್ ಆಕ್ಷನ್. ಪ್ರಶ್ನೆಯಲ್ಲೂ ಅದೇ ಮಾತು ಬಳಸಿ. ಹಿಂದಿನ ಸಾಲಿನಲ್ಲಿ ಕುಂತ ಅಜ್ಜಂದಿರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಒಂದು ಒಳ್ಳೆ ಪ್ರಶ್ನೆ ಸಿಕ್ಕರೆ ಅದರ ಬಾಲ ಹಿಡಿದುಕೊಂಡು ಹೋಗಿ, ಮತ್ತೆ ಮೂರು ಸಿಗುತ್ತವೆ. ತುಂಗಭದ್ರಾ ಡ್ಯಾಮ್ ಕೆಲಸ 1945ರಲ್ಲಿ ಶುರು ಮಾಡಿದ ಎರಡು ಸರ್ಕಾರಗಳು ಯಾವುವು? ಮದ್ರಾಸ್, ಹೈದರಾಬಾದ್. ಬಳ್ಳಾರಿ ಜಿಲ್ಲೆಯ ನಡುವೆಯೇ ಇದ್ದ ಪುಟ್ಟ ರಾಜಸಂಸ್ಥಾನ ಯಾವುದು? ಘೋರ್ಪಡೆ ಮನೆತನದ ಸಂಡೂರು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು ಯಾವಾಗ? ಇಲ್ಲಿ ಎಲ್ಲರೂ 1956 ಅಂದೇ ಅನ್ನುತ್ತಾರೆ, ಬೇಕಾದರೆ ನೋಡಿ. ರಾಯಚೂರಿಗೆ ಅದು ಸರಿ, 1956ರ ನವೆಂಬರ್ 1. ಬಳ್ಳಾರಿ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ಕ್ಕೆ ಬಂತು, ಆಂಧ್ರ ರಾಜ್ಯ ಹುಟ್ಟಿದ ದಿನವೇ. ಆದವಾನಿ, ಆಲೂರು, ರಾಯದುರ್ಗ ಮಾತ್ರ ಆ ಕಡೆ ಹೋದವು.

ಇನ್ನು ಪ್ರಶ್ನೆ ಬರೆಯುವ ರೀತಿ. ಇಸವಿ ಕೇಳುವ ಪ್ರಶ್ನೆ ಜಾಸ್ತಿ ಇಟ್ಟರೆ ಅದು ಕ್ವಿಜ್ ಅಲ್ಲ, ಪರೀಕ್ಷೆ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ, ತಲೆ ಓಡಿಸುವುದಕ್ಕೆ ಜಾಗವೇ ಇರುವುದಿಲ್ಲ. "ಮಸ್ಕಿ ಶಾಸನ ಸಿಕ್ಕಿದ್ದು ಯಾವಾಗ?" ಅಂತ ನಾನೇ ಒಮ್ಮೆ ಕೇಳಿದ್ದೆ. 1915 ಅಂತ ಒಬ್ಬರೂ ಹೇಳಲಿಲ್ಲ, ಬೇಸರದಲ್ಲಿ ಎಲ್ಲಾ ತಂಡ ಪಾಸ್. ಮುಂದಿನ ವರ್ಷ ಅದನ್ನೇ ಹೀಗೆ ತಿರುಗಿಸಿದೆ: "ನಮ್ಮ ಧ್ವಜದ ನಡುವೆ ಒಬ್ಬ ರಾಜನ ಚಕ್ರವಿದೆ. ಬಹುಪಾಲು ಶಾಸನಗಳಲ್ಲಿ ಆತ ತನ್ನನ್ನು ದೇವಾನಾಂಪ್ರಿಯ ಅಂತಷ್ಟೇ ಕರೆದುಕೊಂಡ. ಆತನ ಸ್ವಂತ ಹೆಸರು ಇರುವ ಶಾಸನ ಮೊದಲು ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲೇ. ಎಲ್ಲಿ?" ತಂಡದವರು ತಲೆಗೆ ತಲೆ ಹಚ್ಚಿ ಗುಸುಗುಸು ಶುರು ಮಾಡಿದರು. ಚಕ್ರ ಅಂದರೆ ಅಶೋಕ, ಅಶೋಕ ಅಂದರೆ ಶಾಸನ, ಶಾಸನ ಅಂದರೆ ಮಸ್ಕಿ! ನಾಲ್ಕು ತಂಡಗಳಲ್ಲಿ ಮೂರು ಕೈ ಎತ್ತಿದವು. ವಿಷಯ ಅದೇ, ದಾರಿ ಮಾತ್ರ ಬೇರೆ. ಕೊಪ್ಪಳದವರಾದರೆ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕ ಶಾಸನಗಳಿಂದ ಹೀಗೇ ಪ್ರಶ್ನೆ ಹೆಣೆಯಬಹುದು. ಅವರಿಗೆ ಇನ್ನೊಂದೂ ಇದೆ: 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಎದ್ದು ಹಿಡಿದ ಕೋಟೆ ಯಾವುದು? ಅವರ ಮನೆ ಕಿಟಕಿಯಿಂದಲೇ ಕಾಣುತ್ತದೆ.

ಉತ್ತರಗಳನ್ನು ಎರಡೆರಡು ಸಲ ನೋಡಿಕೊಳ್ಳಿ. ಇದನ್ನು ನಾನು ಮರ್ಯಾದೆ ಕಳೆದುಕೊಂಡು ಕಲಿತೆ. ಮೊದಲ ವರ್ಷ, "ನೆಹರೂ ಕೆಂಪುಕೋಟೆಯಲ್ಲಿ ಮೊದಲ ಸಲ ಧ್ವಜ ಹಾರಿಸಿದ್ದು ಯಾವ ದಿನ?" ಅಂತ ಕೇಳಿ, ಸುಲಭದ ಬೋನಸ್ ಅಂದುಕೊಂಡು, 1947ರ ಆಗಸ್ಟ್ 15 ಅಂದವರಿಗೆ ಹತ್ತು ಅಂಕ ಕೊಟ್ಟೆ. ಹಿಂದಿನಿಂದ ಒಬ್ಬರು ರಿಟೈರ್ಡ್ ಮೇಷ್ಟ್ರು ಎದ್ದು ನಿಂತು, "ತಮ್ಮಾ, ಹದಿನಾರು" ಅಂದರು. ಅಷ್ಟೇ. ಅವರು ಹೇಳಿದ್ದೇ ಸರಿ, ಕೆಂಪುಕೋಟೆಯಲ್ಲಿ ಹಾರಿಸಿದ್ದು ಮಾರನೇ ದಿನ. ಕೊಟ್ಟ ಅಂಕ ವಾಪಸ್ ಪಡೆಯಲು ಹೋಗಿ ಅರ್ಧ ತಾಸು ಜಗಳ. ಈಗ ಅವರನ್ನೇ ಜಡ್ಜ್ ಮಾಡಿ ಮುಂದೆ ಕೂರಿಸಿದ್ದೇವೆ. ನಿಮ್ಮ ಓಣಿಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ, ಮೊದಲೇ ಹುಡುಕಿಕೊಳ್ಳಿ.

ನಡೆಸುವ ವಿಷಯಕ್ಕೆ ಬಂದರೆ ಹೇಳುವುದು ಬಹಳ ಇಲ್ಲ. ನಾಲ್ಕೈದು ತಂಡ, ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೆ ಅರ್ಧ ನಿಮಿಷ. ಬಜರ್ ಇಲ್ಲದಿದ್ದರೆ ತಟ್ಟೆ-ಚಮಚ ಸಾಕು. ಪ್ರತಿ ತಂಡದಲ್ಲಿ ಒಬ್ಬ ಹಿರಿಯರು, ಒಬ್ಬ ಶಾಲೆ ಹುಡುಗ ಅಥವಾ ಹುಡುಗಿ ಇರಲೇಬೇಕು ಅಂತ ನಿಯಮ ಮಾಡಿ. ಇಲ್ಲದಿದ್ದರೆ ಕೋಚಿಂಗ್‌ಗೆ ಹೋಗುವ ಹುಡುಗರೇ ಒಂದು ತಂಡ ಕಟ್ಟಿಕೊಂಡು ಎಲ್ಲಾ ಬಾಚಿಕೊಳ್ಳುತ್ತಾರೆ. ಮಧ್ಯೆ ಒಂದೆರಡು ಕಣ್ಣಿಗೆ ಕಾಣುವ ಪ್ರಶ್ನೆ ಇರಲಿ. ಒಂದು ಕೋಲು, ಹಗ್ಗ, ಬಟ್ಟೆ ತಂದು, ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಧ್ವಜ ಹಾರಿಸುವುದರಲ್ಲಿ ಏನು ವ್ಯತ್ಯಾಸ, ಮಾಡಿ ತೋರಿಸಿ ಅನ್ನಿ. ಆಗಸ್ಟ್‌ನಲ್ಲಿ ಕೆಳಗಿಂದ ಮೇಲಕ್ಕೆ ಏರಿಸುತ್ತಾರೆ, ಜನವರಿಯಲ್ಲಿ ಮೇಲೆಯೇ ಕಟ್ಟಿದ್ದನ್ನು ಬಿಚ್ಚುತ್ತಾರೆ. ನಮ್ಮ ಕಡೆ ಬಹಳಷ್ಟು ಕಡೆ ಎರಡೂ ದಿನ ಮೇಲೆಯೇ ಕಟ್ಟಿ ಹಗ್ಗ ಎಳೆಯುವುದು, ಹೂವು ಉದುರಬೇಕಲ್ಲ, ಅದು ಬೇರೆ ಮಾತು.

ಟೈ ಆದರೆ ಹೆಚ್ಚು ಕಡಿಮೆ ಅಂದಾಜಿನ ಪ್ರಶ್ನೆಯೇ ಒಳ್ಳೆಯದು, ಹತ್ತಿರ ಬಂದವರು ಗೆದ್ದಂತೆ. ನಾನು ಇಟ್ಟುಕೊಂಡಿರುವುದು ಇದು: ಹೊಳೆ ಆಚೆ ಬಳ್ಳಾರಿಗೆ ಸ್ವಾತಂತ್ರ್ಯ ಬಂದ ಎಷ್ಟು ದಿನಕ್ಕೆ ಈಚೆ ನಮಗೆ ಬಂತು? 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ಕ್ಕೆ ಲೆಕ್ಕ ಹಾಕಬೇಕು. ಮೊಬೈಲ್ ಜೇಬಿನಲ್ಲಿ, ಪೆನ್ನು ಪೇಪರ್ ಕೈಯಲ್ಲಿ. ಸರಿಯಾಗಿ ಕೂಡಿಸಿದವರೂ 398ಕ್ಕೆ ನಿಲ್ಲುತ್ತಾರೆ, ಯಾಕೆಂದರೆ 1948ರಲ್ಲಿ ಫೆಬ್ರವರಿ 29 ಇತ್ತು ಅನ್ನುವುದು ತಲೆಗೇ ಬರುವುದಿಲ್ಲ. ಉತ್ತರ 399. ಹೋದ ಸಲ ಗೆದ್ದ ತಂಡಕ್ಕೆ ಒಗ್ಗರಣೆ-ಮಿರ್ಚಿ ಕೊಡಿಸಿದ್ದೆವು, ಸೋತವರು ಅದೇ ತಟ್ಟೆಗೆ ಕೈ ಹಾಕಿ ಇನ್ನೂ ಲೆಕ್ಕ ಹಾಕುತ್ತಲೇ ಇದ್ದರು.