ರಿಸರ್ವ್ಸ್ ತಂಡದ ಕೋಚ್ ಆಗಿ ನಾನು ಕಲಿತದ್ದು, ಮಾಡಿದ್ದು

ಮೆಲ್ಬರ್ನಿನ ಪಶ್ಚಿಮ ಭಾಗದ ಉಪನಗರವೊಂದರ ಫುಟ್ಬಾಲ್ ಕ್ಲಬ್ಬಿನಲ್ಲಿ ನಾನು ರಿಸರ್ವ್ಸ್, ಅಂದರೆ ಎರಡನೇ ತಂಡದ ಕೋಚ್. ಇಲ್ಲಿ ಫುಟ್ಬಾಲ್ ಅಂದರೆ ಫೂಟಿ, ಆಸ್ಟ್ರೇಲಿಯದವರದೇ ಆಟ. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಆಡುವ ಅದೇ ದೊಡ್ಡ ಮೈದಾನ, ಒಂದೊಂದು ಕಡೆಗೆ 18 ಜನ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದು ದಾಟಿಸಿದರೆ 6 ಅಂಕ, ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ 1. ಶನಿವಾರ ಬೆಳಿಗ್ಗೆ 19ರ ಒಳಗಿನ ಹುಡುಗರ ಆಟ, ಮಧ್ಯಾಹ್ನದ ಹೊತ್ತಿಗೆ ನಮ್ಮದು, ಎರಡು ಗಂಟೆಗೆ ಸೀನಿಯರ್ಸ್, ಅಂದರೆ ಕ್ಲಬ್ಬಿನ ಮೊದಲ ತಂಡ. ಮೂರೂ ಒಂದೇ ಮೈದಾನದಲ್ಲಿ. ನಮ್ಮ ಆಟದ ಕೊನೇ ಕ್ವಾರ್ಟರ್ ಹೊತ್ತಿಗೆ ಜನ ಸೇರತೊಡಗುತ್ತಾರೆ, ಆದರೆ ಅವರು ಬರುವುದು ಮುಂದಿನ ಆಟಕ್ಕೆ.

ಈ ಕೆಲಸಕ್ಕೆ ನಾನು ಮನಸ್ಸು ಕೊಟ್ಟದ್ದಕ್ಕೆ ಒಂದು ಹಳೇ ಕಾರಣವಿದೆ. ಮಂಡ್ಯದಲ್ಲಿ ಓದುವಾಗ ನಾನು ಕಾಲೇಜಿನ ಕಬಡ್ಡಿ ತಂಡದಲ್ಲಿದ್ದೆ. ಹೆಸರಿಗೆ ತಂಡದಲ್ಲಿದ್ದೆ ಅಷ್ಟೇ, ಹೆಚ್ಚು ಕಾಲ ಕೂತದ್ದು ಅಂಕಣದ ಹೊರಗೆ. ಹೊರಗೆ ಕೂತವನಿಗೆ ಆಡಲು ಬೇರೆ ಪಂದ್ಯವೇ ಇರಲಿಲ್ಲ. ಆಡದೆ ಆಟ ಬರುವುದಿಲ್ಲ, ಆಟ ಬಾರದವನನ್ನು ಇಳಿಸುವುದಿಲ್ಲ. ಆ ಸುಳಿಯಲ್ಲಿ ನನ್ನ ಜೊತೆಗಿದ್ದ ಒಳ್ಳೊಳ್ಳೆ ಹುಡುಗರೇ ಆಟ ಬಿಟ್ಟರು. ಇಲ್ಲಿಗೆ ಬಂದ ಮೇಲೆ, ಮಗನನ್ನು, ಚಿಕ್ಕ ಮಕ್ಕಳಿಗೆ ಫೂಟಿ ಕಲಿಸುವ ಆಸ್‌ಕಿಕ್‌ಗೆ ಕರೆದುಕೊಂಡು ಹೋಗುತ್ತ ಈ ಆಟ ಹತ್ತಿರವಾಯಿತು. ಆಯ್ಕೆಯಾಗದ ಪ್ರತಿಯೊಬ್ಬನಿಗೂ ಅದೇ ದಿನ ಇನ್ನೊಂದು ಪೂರ್ತಿ ಪಂದ್ಯ ಕಾದಿರುತ್ತದೆ ಎಂಬುದು ನನಗೆ ಈ ಆಟದಲ್ಲಿ ಕಂಡ ಅತಿ ದೊಡ್ಡ ಸಂಗತಿ. ಮೊದಲು ನೀರು ಹೊತ್ತೆ, ಆಮೇಲೆ ರನ್ನರ್ ಆಗಿ ಕೋಚ್ ಹೇಳಿದ್ದನ್ನು ಮೈದಾನದೊಳಗೆ ಓಡಿ ತಲುಪಿಸಿದೆ, ಆಮೇಲೆ ಟೀಮ್ ಮ್ಯಾನೇಜರ್ ಆದೆ, ಕೊನೆಗೆ ಈ ತಂಡ ನನ್ನ ಕೈಗೆ ಬಂತು.

ತಂಡ ಕೈಗೆ ಬಂದಾಗ ಎ.ಎಫ್.ಎಲ್., ಅಂದರೆ ದೇಶದ ಅತಿ ದೊಡ್ಡ ಫೂಟಿ ಲೀಗಿನ ಕ್ಲಬ್ಬುಗಳು ತಮ್ಮ ಎರಡನೇ ತಂಡವನ್ನು ಹೇಗೆ ನಡೆಸುತ್ತವೆ ಎಂದು ಕೂತು ಓದಿದೆ, ವೆರಿಬಿ ಮೈದಾನಕ್ಕೆ ಹೋಗಿ ನೋಡಿದೆ. ಎರಡನೇ ತಂಡಗಳ ಕಥೆ ದೊಡ್ಡದು. 1919ರಿಂದ 1999ರವರೆಗೆ ಮೆಲ್ಬರ್ನಿನ ದೊಡ್ಡ ಕ್ಲಬ್ಬುಗಳ ರಿಸರ್ವ್ಸ್ ತಂಡಗಳಿಗೆ ಅವುಗಳದೇ ಪಂದ್ಯಾವಳಿ ಇತ್ತು. ಎಂ.ಸಿ.ಜಿ.ಯಂಥ ಮೈದಾನದಲ್ಲೂ ಸೀನಿಯರ್ಸ್ ಆಟಕ್ಕೆ ಮುಂಚೆ ರಿಸರ್ವ್ಸ್ ಆಟ ನಡೆಯುತ್ತಿತ್ತು. ಅವರಲ್ಲಿ ಶ್ರೇಷ್ಠ ಆಟಗಾರನಿಗೆ ಗಾರ್ಡಿನರ್ ಪದಕ ಕೊಡುತ್ತಿದ್ದರು. 2000ದಲ್ಲಿ ಅದನ್ನು ಮುಚ್ಚಿ, ವಿ.ಎಫ್.ಎಲ್. ಎಂಬ ರಾಜ್ಯ ಲೀಗಿನೊಂದಿಗೆ ಸೇರಿಸಿದರು. ಅಲ್ಲಿಂದ ಎರಡು ದಾರಿಗಳಾದವು. ಒಂದು, ಜೀಲಾಂಗ್‌ನಂತೆ ತಮ್ಮದೇ ರಿಸರ್ವ್ಸ್ ತಂಡವನ್ನು ಆ ಲೀಗಿನಲ್ಲಿ ಆಡಿಸುವುದು. ಇನ್ನೊಂದು, ಹಾಥಾರ್ನ್ ಕ್ಲಬ್ಬು ಬಾಕ್ಸ್ ಹಿಲ್ ಜೊತೆ ಮಾಡಿಕೊಂಡಂತೆ, ಮೊದಲೇ ಇರುವ ಒಂದು ಕ್ಲಬ್ಬಿನೊಂದಿಗೆ ಒಪ್ಪಂದ ಮಾಡಿಕೊಂಡು, ಆ ವಾರ ಮೇಲೆ ಜಾಗ ಸಿಗದವರನ್ನು ಅಲ್ಲಿಗೆ ಕಳಿಸುವುದು.

ಒಪ್ಪಂದದ ದಾರಿಯಲ್ಲಿ ಖರ್ಚು ಕಡಿಮೆ. ಆದರೆ ಎರಡು ಕ್ಲಬ್ಬು ಅಂದರೆ ಎರಡು ಮನಸ್ಸು. ಮೇಲಿನವರಿಗೆ ತಮ್ಮ ಹುಡುಗ ಇಂಥ ಜಾಗದಲ್ಲೇ, ಇಷ್ಟು ಹೊತ್ತು ಆಡಬೇಕು. ಕೆಳಗಿನ ಕ್ಲಬ್ಬಿಗೆ ತನ್ನದೇ ಅಭಿಮಾನಿಗಳಿದ್ದಾರೆ, ಅವರಿಗೆ ಗೆಲುವು ಬೇಕು. ಹೀಗಾಗಿ ಒಂದೊಂದಾಗಿ ಕ್ಲಬ್ಬುಗಳು ಹೊರಬಂದವು. ಕಾಲಿಂಗ್‌ವುಡ್ 2008ರಲ್ಲಿ ಸ್ವಂತ ತಂಡ ಕಟ್ಟಿತು, ಎಸೆಂಡನ್ 2013ರಲ್ಲಿ, ರಿಚ್ಮಂಡ್ ಮತ್ತು ವೆಸ್ಟರ್ನ್ ಬುಲ್‌ಡಾಗ್ಸ್ 2014ರಲ್ಲಿ. ಬುಲ್‌ಡಾಗ್ಸ್ ತಮ್ಮ ಎರಡನೇ ತಂಡಕ್ಕೆ ಫುಟ್‌ಸ್ಕ್ರೇ ಎಂಬ ಹಳೇ ಹೆಸರನ್ನೇ ಮತ್ತೆ ಇಟ್ಟರು. ಆ ತಂಡ ಮೊದಲ ವರ್ಷವೇ ವಿ.ಎಫ್.ಎಲ್. ಗೆದ್ದಿತು. 2016ರಲ್ಲಿ ಫುಟ್‌ಸ್ಕ್ರೇ ವಿ.ಎಫ್.ಎಲ್. ಗೆದ್ದ ಮರುವಾರವೇ ಬುಲ್‌ಡಾಗ್ಸ್ 1954ರ ನಂತರ ಮೊದಲ ಬಾರಿಗೆ ಮೇಲಿನ ಲೀಗಿನ ದೊಡ್ಡ ಕಪ್ ಎತ್ತಿದರು. ಪಶ್ಚಿಮ ಮೆಲ್ಬರ್ನಿನಲ್ಲಿ ಇದ್ದವರಿಗೆ ಆ ಎರಡು ವಾರ ಎಂದೂ ಮರೆಯುವಂಥದ್ದಲ್ಲ.

ಇನ್ನೊಂದು ಉದಾಹರಣೆಯನ್ನು ನಾನು ನಮ್ಮ ಹುಡುಗರಿಗೆ ಪ್ರತಿ ವರ್ಷ ಹೇಳುತ್ತೇನೆ. 2019ರಲ್ಲಿ ರಿಚ್ಮಂಡ್ ಕ್ಲಬ್ಬು ಋತುವಿನ ನಡುವೆ ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯದ ರಾಜ್ಯ ಲೀಗಿನ ಕ್ಲಬ್ಬಾದ ಸೌತ್ ಫ್ರೀಮ್ಯಾಂಟಲ್‌ನಿಂದ ಮಾರ್ಲಿಯನ್ ಪಿಕೆಟ್ ಎಂಬ 27 ವರ್ಷದ ಆಟಗಾರನನ್ನು ತೆಗೆದುಕೊಂಡಿತು. ಅವನು ಮೇಲಿನ ತಂಡಕ್ಕೆ ಒಂದೂ ಪಂದ್ಯ ಆಡದೆ ರಿಸರ್ವ್ಸ್‌ನಲ್ಲಿ ಆಡುತ್ತ ಹೋದ. ವಿ.ಎಫ್.ಎಲ್. ಫೈನಲ್ ಗೆದ್ದು, ಆ ಪಂದ್ಯದ ಶ್ರೇಷ್ಠ ಆಟಗಾರನೂ ಆದ. ಅಷ್ಟರಲ್ಲಿ ಮೇಲಿನ ತಂಡದಲ್ಲಿ ಒಬ್ಬನಿಗೆ ಭುಜದ ಗಾಯವಾಗಿತ್ತು. ಮುಂದಿನ ಶನಿವಾರ ಪಿಕೆಟ್ ಎ.ಎಫ್.ಎಲ್. ಗ್ರ್ಯಾಂಡ್ ಫೈನಲ್‌ನಲ್ಲೇ ಪಾದಾರ್ಪಣೆ ಮಾಡಿದ. 1952ರ ನಂತರ ಹಾಗೆ ಯಾರೂ ಮಾಡಿರಲಿಲ್ಲ. ರಿಚ್ಮಂಡ್ 89 ಅಂಕಗಳಿಂದ ಗೆದ್ದಿತು, ಪಿಕೆಟ್ ಒಂದು ಗೋಲನ್ನೂ ಹೊಡೆದ. ಆ ದಿನ ಅವನು ಹೊಸಬನ ಹಾಗೆ ಕಾಣಲೇ ಇಲ್ಲ, ಏಕೆಂದರೆ ಕೆಳಗೂ ಅದೇ ಆಟ, ಅದೇ ಮಾತು, ಅದೇ ಜಾಗ.

ನನ್ನ ಕೆಲಸವೆಲ್ಲ ಇದರ ಸುತ್ತಲೇ. ನಾಳೆ ಬೆಳಿಗ್ಗೆ ಮೇಲಿನಿಂದ ಕರೆ ಬಂದರೆ ನನ್ನ ಹುಡುಗ ಅಲ್ಲಿ ಏನು ಮಾಡಬೇಕೋ ಅದನ್ನೇ ಇಂದು ನನ್ನ ತಂಡದಲ್ಲಿ ಮಾಡುತ್ತಿರಬೇಕು.

ಹೇಳುವುದು ಸುಲಭ, ಗುರುವಾರ ರಾತ್ರಿ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಮಂಗಳವಾರ, ಗುರುವಾರ ನಮ್ಮ ತರಬೇತಿ. ಗುರುವಾರ ತರಬೇತಿ ಮುಗಿದ ಮೇಲೆ ಕ್ಲಬ್ ಕೋಣೆಯಲ್ಲಿ ಸೀನಿಯರ್ಸ್ ಕೋಚ್, ನಾನು, 19ರ ಒಳಗಿನವರ ಕೋಚ್ ಕೂರುತ್ತೇವೆ. ಗೋಡೆಗೆ ಬಿಳಿ ಬೋರ್ಡು, ಅದರ ಮೇಲೆ ಮೈದಾನದ ಚಿತ್ರ, ಆಟಗಾರರ ಹೆಸರು ಬರೆದ ಅಯಸ್ಕಾಂತದ ಬಿಲ್ಲೆಗಳು. ಮೊದಲು ಸೀನಿಯರ್ಸ್ ತಂಡ ತುಂಬುತ್ತದೆ. ಉಳಿದ ಬಿಲ್ಲೆಗಳು ನನ್ನವು. ಮೊದಲ ವರ್ಷ ನಾನು ಕೇಳಿದ್ದು ಒಂದೇ: ಕೆಳಗೆ ಬರುವ ಪ್ರತಿ ಬಿಲ್ಲೆಯ ಜೊತೆ ಒಂದು ವಾಕ್ಯವೂ ಬರಬೇಕು. ಇವನು ಏಕೆ ಬರುತ್ತಿದ್ದಾನೆ, ಏನನ್ನು ಕಂಡರೆ ನೀವು ಇವನನ್ನು ವಾಪಸ್ ಕರೆಯುತ್ತೀರಿ? ‘ಫಾರ್ಮ್ ಇಲ್ಲ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ‘ಚೆಂಡು ನೆಲಕ್ಕೆ ಬಿದ್ದ ಮೇಲೆ ಎರಡನೇ ಸಲ ಮುನ್ನುಗ್ಗುತ್ತಿಲ್ಲ’ ಅಂದರೆ ಒಪ್ಪುತ್ತೇನೆ, ಏಕೆಂದರೆ ಅದನ್ನು ಕಲಿಸಬಹುದು, ಶನಿವಾರ ಅಳೆಯಬಹುದು. ಸೀನಿಯರ್ಸ್ ಕೋಚ್ ಮೊದಮೊದಲು ಗೊಣಗಿದರು. ಈಗ ಅವರೇ ಚೀಟಿಯಲ್ಲಿ ಬರೆದುಕೊಂಡು ಬರುತ್ತಾರೆ.

ಎರಡನೆಯದು, ಕೈಬಿಟ್ಟ ಸುದ್ದಿ ಹುಡುಗನಿಗೆ ಫೋನಿನಲ್ಲಿ ಬರುವ ಪಟ್ಟಿಯಿಂದ ಗೊತ್ತಾಗಕೂಡದು. ಪಟ್ಟಿ ಹಾಕುವ ಮೊದಲು ಸೀನಿಯರ್ಸ್ ಕೋಚ್ ಮುಖ ಕೊಟ್ಟು ಹೇಳಬೇಕು, ನಾನು ಪಕ್ಕದಲ್ಲಿರಬೇಕು. ಇಬ್ಬರ ಬಾಯಲ್ಲೂ ಒಂದೇ ಮಾತು ಬರಬೇಕು. ಈ ಒಂದು ಪದ್ಧತಿಯಿಂದ ನಮ್ಮಲ್ಲಿ ಋತುವಿನ ಮಧ್ಯೆ ಬೇರೆ ಕ್ಲಬ್ಬಿಗೆ ಹೋಗುವವರು ಕಡಿಮೆಯಾದರು ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹಾಫ್ ಬ್ಯಾಕ್, ಅಂದರೆ ಹಿಂದಿನ ಸಾಲಿನಿಂದ ಚೆಂಡನ್ನು ಹೊರಗೆ ತರುವವನು. ಓಟ ಚೆನ್ನಾಗಿತ್ತು, ಧೈರ್ಯವೂ ಇತ್ತು. ಆದರೆ ಚೆಂಡು ಕೈಗೆ ಬಂದ ಕೂಡಲೇ ತಲೆ ತಗ್ಗಿಸಿ ಅಂಚಿನ ಗೆರೆಯುದ್ದಕ್ಕೂ ದೂರಕ್ಕೆ ಒದೆಯುತ್ತಿದ್ದ. ಅದು ಸುರಕ್ಷಿತ, ತಪ್ಪಿದರೂ ಚೆಂಡು ಗೆರೆಯಾಚೆ ಹೋಗುತ್ತದೆ. ಆದರೆ ಅಂಚಿನಲ್ಲಿ ಎದುರಾಳಿಗಳು ಗುಂಪಾಗಿ ಕಾಯುತ್ತಿರುತ್ತಾರೆ. ಸೀನಿಯರ್ಸ್ ಆಟದ ಯೋಜನೆಗೆ ಬೇಕಾದದ್ದು ಓರೆಯಾಗಿ ಮೈದಾನದ ನಡುವಿಗೆ ಬೀಳುವ ಒದೆತ. ಅದು ಸಿಕ್ಕರೆ ಇಡೀ ಮೈದಾನ ತೆರೆದುಕೊಳ್ಳುತ್ತದೆ. ತಪ್ಪಿದರೆ ಚೆಂಡು ನಮ್ಮ ಗೋಲಿನ ಮುಂದೆಯೇ ಎದುರಾಳಿಯ ಕೈಗೆ.

ಅವನನ್ನು ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಕೇಳಿದೆ, “ನಡುವೆ ಇದ್ದ ನಮ್ಮವನು ನಿನಗೆ ಕಾಣುವುದಿಲ್ಲವಾ?”

“ಕಾಣ್ತಾನೆ ಕೋಚ್. ತಪ್ಪಿದರೆ ಹೊರಗೆ ಕರೀತೀರಲ್ಲ.”

ಅದು ಕಾಲಿನ ಕೊರತೆಯಾಗಿರಲಿಲ್ಲ, ಭಯ. ಹಾಗಾಗಿ ಅವನಿಗೆ ಮಾತು ಕೊಟ್ಟೆ: “ಮೊದಲು ನಡುವೆ ನೋಡು. ಕಂಡರೆ ಒದೆ. ಅದು ತಪ್ಪಿ ಗೋಲ್ ಹೋದರೂ ಅದಕ್ಕಾಗಿ ನಿನ್ನನ್ನು ಬೆಂಚಿಗೆ ಕರೆಯುವುದಿಲ್ಲ. ನೋಡದೆ ಅಂಚಿಗೆ ಒದ್ದರೆ ಮಾತ್ರ ಕರೆಯುತ್ತೇನೆ.”

ಆ ಶನಿವಾರ ಅವನ ಎರಡು ಒದೆತ ತಪ್ಪಿ ಎರಡು ಗೋಲ್ ಹೋದವು. ಬೇಲಿಯ ಹತ್ತಿರ ನಿಂತವರು ಕೂಗಿದರು, ನಮ್ಮ ಬೆಂಚಿನವರೂ ನನ್ನ ಮುಖ ನೋಡಿದರು. ರನ್ನರನನ್ನು ಕಳಿಸಿ ‘ನೋಡಿದ್ದು ಸರಿ, ಮತ್ತೆ ಒದೆ’ ಎಂದಷ್ಟೇ ಹೇಳಿಸಿದೆ. ಪಂದ್ಯವನ್ನು ಒಂದು ಗೋಲಿಗಿಂತ ಕಡಿಮೆ ಅಂತರದಲ್ಲಿ ಸೋತೆವು. ಮುಂದಿನ ವಾರಗಳಲ್ಲಿ ಅವನ ತಲೆ ಮೇಲೆದ್ದದ್ದನ್ನು ನಾನು ಕಣ್ಣಾರೆ ಕಂಡೆ: ಚೆಂಡು ಹಿಡಿದವನೇ ಒಂದು ಹೆಜ್ಜೆ ಒಳಗೆ ತಿರುಗಿ ನಡುವೆ ನೋಡುತ್ತಿದ್ದ. ನಮಗೆ ಮುಂದಿನ ಸಾಲಿನಲ್ಲಿ ಗೋಲ್ ಹೊಡೆಯುವವರ ಕೊರತೆಯಿದ್ದ ದಿನವೂ, ಅವನಿಗೆ ಒಳ್ಳೆ ಒದೆತ ಇದ್ದರೂ, ಅವನನ್ನು ಮುಂದಕ್ಕೆ ಹಾಕಲಿಲ್ಲ. ಅವನು ಮೇಲೆ ಆಡಬೇಕಾದದ್ದು ಹಿಂದೆ. ಋತುವಿನ ಕೊನೆಯ ಭಾಗದಲ್ಲಿ ಅವನು ಸೀನಿಯರ್ಸ್‌ಗೆ ಮರಳಿದ, ಮತ್ತೆ ನನ್ನ ತಂಡಕ್ಕೆ ಬರಲಿಲ್ಲ.

ಹಾಗಾದರೆ ಗೆಲುವು ಬೇಡವೇ? ಬೇಕು. ಸೋತು ಸೋತು ಅಭ್ಯಾಸವಾದ ತಂಡದಲ್ಲಿ ಯಾರೂ ಕಲಿಯುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಇದರ ಬಗ್ಗೆ ದೊಡ್ಡ ವಾದವೇ ನಡೆದಿದೆ. 2014ರಿಂದ ಎ.ಎಫ್.ಎಲ್. ಕ್ಲಬ್ಬಾದ ಫ್ರೀಮ್ಯಾಂಟಲ್ ತನ್ನ ಆಟಗಾರರನ್ನು ಅಲ್ಲಿನ ರಾಜ್ಯ ಲೀಗಿನ ಪೀಲ್ ಥಂಡರ್‌ಗೆ ಕಳಿಸುತ್ತದೆ. 1997ರಲ್ಲಿ ಲೀಗ್ ಸೇರಿ ಅಲ್ಲಿಯವರೆಗೂ ಕಪ್ ಕಾಣದಿದ್ದ ಪೀಲ್ 2016, 2017ರಲ್ಲಿ ಸತತ ಎರಡು ಬಾರಿ ಗೆದ್ದಿತು. ಉಳಿದ ಕ್ಲಬ್ಬುಗಳ ಅಭಿಮಾನಿಗಳು ಇದು ಸಮಬಲದ ಆಟವಲ್ಲ ಎಂದರು. ಅವರ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ದಕ್ಷಿಣ ಆಸ್ಟ್ರೇಲಿಯದಲ್ಲೂ 2014ರಲ್ಲಿ ಅಡಿಲೇಡ್ ಕ್ರೋಸ್ ತನ್ನ ಸ್ವಂತ ತಂಡವನ್ನು ರಾಜ್ಯ ಲೀಗಿಗೆ ಇಳಿಸಿತು. ಅದಕ್ಕೆ ಮೊದಲು ಅದರ ಆಟಗಾರರು ಊರಿನ ಬೇರೆ ಬೇರೆ ಕ್ಲಬ್ಬುಗಳಲ್ಲಿ ಹಂಚಿಹೋಗಿ, ಒಬ್ಬೊಬ್ಬರು ಒಂದೊಂದು ಬಗೆಯ ಆಟ ಕಲಿಯುತ್ತಿದ್ದರು. ಮೇಲಿನ ಕೋಚ್‌ಗೆ ಅದು ಎಂಥ ತಲೆನೋವೆಂದು ಈ ಕೆಲಸ ಮಾಡಿದವರಿಗೇ ಗೊತ್ತು. ಆದರೆ ಎ.ಎಫ್.ಎಲ್. ಹುಡುಗನಿಗೆ ಜಾಗ ಮಾಡಿಕೊಡಲು ಪ್ರತಿ ಬಾರಿ ಹೊರಗೆ ಹೋಗುವವನು ಹಗಲೆಲ್ಲ ಕೆಲಸ ಮಾಡಿ ರಾತ್ರಿ ತರಬೇತಿಗೆ ಬರುವ ಬಡಗಿಯೋ, ಎಲೆಕ್ಟ್ರಿಷಿಯನ್ನೋ ಆಗಿರುತ್ತಾನೆ. ಅವನ ಲೆಕ್ಕವನ್ನೂ ಯಾರಾದರೂ ಇಡಬೇಕು.

ನನ್ನ ತಂಡದಲ್ಲಿ ಆ ಲೆಕ್ಕ ನಾನಿಡುತ್ತೇನೆ. ರಿಸರ್ವ್ಸ್‌ನಲ್ಲಿ ಮೇಲಕ್ಕೆ ಹೋಗಬೇಕಾದ ಹುಡುಗರಷ್ಟೇ ಇರುವುದಿಲ್ಲ. ಮೂವತ್ತು ದಾಟಿದ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಬರುವ ಹಿರಿಯರಿದ್ದಾರೆ, ಅವರು ಇನ್ನು ಮೇಲಕ್ಕೆ ಹೋಗುವುದಿಲ್ಲ. ಅವರನ್ನು ಹುಡುಗರ ಪಕ್ಕಪಕ್ಕದಲ್ಲೇ ನಿಲ್ಲಿಸುತ್ತೇನೆ. 18ರ ಹುಡುಗನಿಗೆ ಪಕ್ಕದಲ್ಲಿ ನಿಂತ ಹಿರಿಯ “ಎರಡು ಹೆಜ್ಜೆ ಹಿಂದೆ ಬಾ” ಎಂದು ಹೇಳಿದ್ದು ನನ್ನ ಹತ್ತು ಮಾತಿಗಿಂತ ಬೇಗ ಹತ್ತುತ್ತದೆ. ಅದಕ್ಕೆ ಪ್ರತಿಯಾಗಿ ಅವರಿಗೆ ಋತುವಿನ ಕೊನೆಯ ಕಪ್ ಪಂದ್ಯಗಳಾದ ಫೈನಲ್ಸ್‌ನಲ್ಲಿ ಜಾಗ ಕಾಯ್ದಿಡುತ್ತೇನೆ. ಇಂತಿಷ್ಟು ಪಂದ್ಯ ಕೆಳಗೆ ಆಡಿದವರು ಮಾತ್ರ ರಿಸರ್ವ್ಸ್ ಫೈನಲ್ಸ್ ಆಡಬಹುದು ಎಂಬ ಲೀಗಿನ ನಿಯಮ ಇದಕ್ಕೆ ನನ್ನ ಬೆಂಬಲಕ್ಕಿದೆ. ಮೇಲಿನಿಂದ ದಿಢೀರನೆ ನಾಲ್ಕು ಜನರನ್ನು ಇಳಿಸಿ ಕಪ್ ಗೆಲ್ಲೋಣ ಎಂಬ ಆಸೆ ಪ್ರತಿ ಸೆಪ್ಟೆಂಬರಿನಲ್ಲಿ ಯಾರಿಗಾದರೂ ಹುಟ್ಟುತ್ತದೆ. ನಿಯಮ ಒಪ್ಪುವ ಸಂದರ್ಭದಲ್ಲೂ ನಾನು ಬೇಡ ಎನ್ನುತ್ತೇನೆ.

ಗಾಯದಿಂದ ಮರಳುವವರದು ಬೇರೆ ಲೆಕ್ಕ. ಫಿಸಿಯೋ ಅರ್ಧ ಆಟ ಅಂದರೆ ಅರ್ಧವೇ, ಅವನು ಎಷ್ಟೇ ಚೆನ್ನಾಗಿ ಆಡುತ್ತಿರಲಿ. ಇಲ್ಲಿ ಚರ್ಚೆಗೆ ಜಾಗವಿಲ್ಲ.

ಈಚೆಗೆ ಟಾರ್ನೀಟ್, ಪಾಯಿಂಟ್ ಕುಕ್ ಕಡೆಯ ನಮ್ಮ ಕನ್ನಡದ ಮನೆಗಳ ಮಕ್ಕಳೂ ಕ್ಲಬ್ಬುಗಳಿಗೆ ಬರುತ್ತಿದ್ದಾರೆ, ನನಗೆ ಅದಕ್ಕಿಂತ ಖುಷಿಯ ಸಂಗತಿ ಇಲ್ಲ. ಒಬ್ಬ ತಂದೆ ಬೇಲಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು, “ಸರ್, ನನ್ನ ಮಗನ್ನ ಕೆಳಗಿನ ಟೀಮಿಗೆ ಹಾಕಿಬಿಟ್ಟಿದ್ದಾರೆ. ಕ್ರಿಕೆಟ್ಟಿಗೇ ಕಳಿಸೋದು ವಾಸಿನಾ?” ಅವರಿಗೆ ಸ್ಯಾಮ್ ಮಿಚೆಲ್ ಕಥೆ ಹೇಳಿದೆ. 2001ರ ಡ್ರಾಫ್ಟ್‌ನಲ್ಲಿ 36ನೇ ಆಯ್ಕೆಯಾಗಿ ಹಾಥಾರ್ನ್ ಸೇರಿದವರು ಮರುವರ್ಷ ಬಾಕ್ಸ್ ಹಿಲ್‌ಗೆ ಆಡುತ್ತ ವಿ.ಎಫ್.ಎಲ್.ನ ಶ್ರೇಷ್ಠ ಆಟಗಾರನಿಗೆ ಕೊಡುವ ಲಿಸ್ಟನ್ ಟ್ರೋಫಿ ಗೆದ್ದರು. 2008ರಲ್ಲಿ ನಾಯಕರಾಗಿ ಹಾಥಾರ್ನ್‌ಗೆ ಕಪ್ ತಂದರು. ಆಟ ಬಿಟ್ಟ ಮೇಲೆ 2021ರಲ್ಲಿ ಅದೇ ಬಾಕ್ಸ್ ಹಿಲ್‌ಗೆ ಕೋಚ್ ಆಗಿ, ಮುಂದಿನ ವರ್ಷ ಹಾಥಾರ್ನ್ ಕೋಚ್ ಆದರು. ಆಡುವಾಗಲೂ ಕಲಿಸುವಾಗಲೂ ಎರಡನೇ ತಂಡದ ಬಾಗಿಲಿನಿಂದಲೇ ಒಳಗೆ ಹೋದವರು. ಆ ತಂದೆ ಮಗನನ್ನು ಬಿಡಿಸಲಿಲ್ಲ. ಹುಡುಗ ಈಗ ನನ್ನ ತಂಡದಲ್ಲಿ ವಿಂಗ್‌ನಲ್ಲಿ ಆಡುತ್ತಾನೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನನ್ನ ಬಳಿ ಇರುವ ಅತಿ ಉಪಯುಕ್ತ ವಸ್ತು ಒಂದು ಉದ್ದನೆಯ ನೋಟ್‌ಬುಕ್. ಪ್ರತಿ ಆಟಗಾರನಿಗೆ ಒಂದು ಪುಟ. ಎಡಕ್ಕೆ, ಮೇಲಿನ ಕೋಚ್ ಹೇಳಿದ ಆ ಒಂದು ವಾಕ್ಯ. ಬಲಕ್ಕೆ, ಶನಿವಾರ ನಾನು ಕಂಡದ್ದು. ಗೋಲ್ ಎಷ್ಟು, ಚೆಂಡು ಎಷ್ಟು ಸಲ ಸಿಕ್ಕಿತು ಎಂದು ಅದರಲ್ಲಿ ಬರೆಯುವುದಿಲ್ಲ, ಅದನ್ನು ಬರೆಯಲು ಬೇರೆಯವರಿದ್ದಾರೆ. ಮಂಗಳವಾರ ತರಬೇತಿಗೆ ಮುಂಚೆ ಆ ಪುಟವನ್ನು ಹುಡುಗನಿಗೇ ತೋರಿಸುತ್ತೇನೆ. ಶನಿವಾರ ಬೆಳಿಗ್ಗೆ ಸೀನಿಯರ್ಸ್‌ನಲ್ಲಿ ಯಾರಿಗೋ ಜ್ವರ ಎಂದು ಫೋನ್ ಬಂದಾಗ ನಾನು ಯಾರ ಹೆಸರು ಹೇಳಬೇಕೆಂದು ಯೋಚಿಸಬೇಕಾಗುವುದಿಲ್ಲ. ಪುಟ ತೆರೆದು, ಆ ಹುಡುಗನಿಗೆ ಫೋನ್ ಮಾಡಿ, ಅಲ್ಲಿ ಬರೆದಿರುವ ಮಾತನ್ನೇ ಹೇಳುತ್ತೇನೆ: ಅದೇ ಜಾಗ, ಅದೇ ಕೆಲಸ, ಎರಡು ಗಂಟೆಗೆ.