"ಏನೂ ಬಿಸಿ ಇಲ್ಲ ಬಿಡಮ್ಮಾ"

ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲು ಶುರುವಾದರೆ ನನ್ನ ಪಾರ್ಲರಿಗೆ ಒಡೆದ ಕೈಗಳು ಬರುತ್ತವೆ. ಜೊತೆಗೆ ಡಿಸೆಂಬರ್ ಚಳಿ ಬೇರೆ. ಆಗ ಫೇಶಿಯಲ್‌ಗಿಂತ ಪ್ಯಾರಾಫಿನ್ ಮೇಣಕ್ಕೇ, ಅಂದರೆ ಕರಗಿಸಿದ ಬೆಚ್ಚಗಿನ ಮೇಣದಲ್ಲಿ ಕೈ ಅದ್ದಿ ಚರ್ಮ ಮೆತ್ತಗೆ ಮಾಡಿಸಿಕೊಳ್ಳುವುದಕ್ಕೇ, ಗಿರಾಕಿ ಜಾಸ್ತಿ.

ಮೊದಲ ವರ್ಷ ನನ್ನ ಹತ್ತಿರ ಹೀಟರ್ ಇರಲಿಲ್ಲ. ಗ್ಯಾಸ್ ಮೇಲೆ ನೀರಿನ ಪಾತ್ರೆ, ಅದರೊಳಗೆ ಮೇಣದ ಡಬ್ಬಿ. ಹುಚ್ಚು ಧೈರ್ಯ! 55 ಡಿಗ್ರಿ ಮೇಣಕ್ಕೂ 80 ಡಿಗ್ರಿ ಮೇಣಕ್ಕೂ ನೋಡಲು ವ್ಯತ್ಯಾಸವೇ ಇಲ್ಲ. ಈಗ ಥರ್ಮೋಸ್ಟಾಟ್ ಇರುವ ಹೀಟರ್ ಇದೆ. ಆದರೂ ಬೇರೆ ಥರ್ಮಾಮೀಟರ್ ಇಟ್ಟು, 52ರ ಆಸುಪಾಸು ಇದೆಯಾ ಅಂತ ನೋಡಿ, ನನ್ನ ಮಣಿಕಟ್ಟಿನ ಒಳಬದಿಗೆ ಹಚ್ಚಿಕೊಂಡ ಮೇಲೇ ಗಿರಾಕಿಯ ಕೈ ಮುಟ್ಟುವುದು.

ಅಷ್ಟು ಬಿಸಿ ನೀರಲ್ಲಿ ಕೈ ಇಡಲು ಆಗುವುದಿಲ್ಲ. ಮೇಣ ಶಾಖವನ್ನು ನಿಧಾನವಾಗಿ ಬಿಡುತ್ತದೆ, ಅದಕ್ಕೇ ತಡೆಯುತ್ತದೆ. ಆದರೆ ಕೈಯಲ್ಲಿ ಒಂದು ಹನಿ ನೀರಿದ್ದರೂ ಅಲ್ಲಿ ಚುರುಕ್ ಅನ್ನುತ್ತದೆ. ಉಂಗುರ, ಬಳೆ ತೆಗೆಸಿ, ಕೈ ಚೆನ್ನಾಗಿ ಒರೆಸುತ್ತೇನೆ. ಐದಾರು ಸಲ ಅದ್ದುವಾಗ ಬೆರಳು ಅಲ್ಲಾಡಿಸಬಾರದು, ಮೊದಲ ಸಲ ಮೇಣ ಹತ್ತಿದ ಗೆರೆಗಿಂತ ಮೇಲೆ ಹೋಗಬಾರದು. ಹೋದರೆ ಬಿಸಿ ಮೇಣ ಒಳಗೆ ಇಳಿದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಪ್ಲಾಸ್ಟಿಕ್ ಕವರ್, ಟವೆಲ್, ಹದಿನೈದು ನಿಮಿಷ. ಬಿಚ್ಚಿದ ಮೇಣ ಕಸದ ಬುಟ್ಟಿಗೆ. ಹೊಟ್ಟೆ ಉರಿಯುತ್ತದೆ ನಿಜ, ಆದರೆ ಒಬ್ಬರ ಕೈಯ ಮೇಣವನ್ನು ಮತ್ತೆ ಪಾತ್ರೆಗೆ ಹಾಕುವುದಾ?

ಇದೆಲ್ಲ ಕಲಿತಾಗಿತ್ತು. ಒಂದು ದಿನ ಅರವತ್ತು ದಾಟಿದ ಅಮ್ಮ ಒಬ್ಬರು ಬಂದರು. ಎರಡು ಸಲ ಅದ್ದಿದ ಮೇಲೆ, "ಏನೂ ಬಿಸಿ ಇಲ್ಲ ಬಿಡಮ್ಮಾ, ಇನ್ನೊಂಚೂರು ಕಾಯ್ಸು" ಅಂದರು. ನನ್ನ ಕೈ ಹೀಟರಿನ ಗುಂಡಿಗೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಅದೇ ಮೇಣಕ್ಕೆ ಒಬ್ಬ ಹುಡುಗಿ "ಅಯ್ಯೋ" ಅಂದಿದ್ದು ನೆನಪಾಯಿತು.

"ಶುಗರ್ ಇದೆಯಾ ಅಮ್ಮಾ?"

"ಹದಿನೈದು ವರ್ಷ ಆಯ್ತು. ಬೆರಳು ಸುಮ್ನೆ ಜೋಮು ಹಿಡಿದ ಹಾಗಿರುತ್ತೆ."

ತಕ್ಷಣ ಮೇಣ ಬಿಚ್ಚಿದೆ. ಪುಣ್ಯಕ್ಕೆ ಬರೀ ಕೆಂಪಾಗಿತ್ತು. ಬಿಸಿಯೇ ತಿಳಿಯದ ಕೈ ಸುಟ್ಟರೂ ಹೇಳುವುದಿಲ್ಲ, ಅಲ್ವಾ?

ಅವತ್ತಿನಿಂದ ಮೊದಲು ಪ್ರಶ್ನೆ, ಆಮೇಲೆ ಮೇಣ. ಶುಗರ್, ಜೋಮು, ಗಾಯ, ಇಸಬು, ರಕ್ತ ಸಂಚಾರದ ತೊಂದರೆ, ಎಲ್ಲ ಕೇಳುತ್ತೇನೆ. ಅನುಮಾನ ಬಂದರೆ ಕಣ್ಣು ಮುಚ್ಚಿಸಿ ಎರಡು ಚಮಚ ಮುಟ್ಟಿಸುತ್ತೇನೆ, ಒಂದು ಬೆಚ್ಚಗಿನದು, ಒಂದು ತಣ್ಣಗಿನದು. ತಡವರಿಸಿದರೆ ಮೇಣ ಇಲ್ಲ, ಡಾಕ್ಟರನ್ನು ಕೇಳಿ ಬನ್ನಿ ಅನ್ನುತ್ತೇನೆ.

ಆ ಅಮ್ಮ ಈಗಲೂ ಬರುತ್ತಾರೆ. ಕೈಗೆ ಕ್ರೀಮ್ ತಿಕ್ಕಿ, ಹತ್ತಿಯ ಗ್ಲೌಸ್ ಹಾಕಿ ಕಳಿಸುತ್ತೇನೆ. ಹೋಗುವಾಗ ಹೀಟರ್ ಕಡೆ ನೋಡಿ ಮುಖ ಊದಿಸಿಕೊಳ್ಳುತ್ತಾರೆ.